ನೀರಿನ ಲೆಕ್ಕದ ಅಕ್ಕೋರು

ಅಕ್ಕೋರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಒಂದು ಅಂಕಿ ಇರುತ್ತಿತ್ತು. ನೀಲಿ ಮಸಿಯಲ್ಲಿ ಬರೆದ ಎರಡೋ ಏಳೋ. ಕೂಡಿಸುವಾಗ ಕೈಯಲ್ಲಿ ಉಳಿದದ್ದನ್ನು ಅವರು ಉಗುರಿನ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ಕೆಲಸ ಮುಗಿದ ಕೂಡಲೆ ಸೆರಗಿನ ತುದಿಯಿಂದ ಒರೆಸಿ ಮುಂದಿನದನ್ನು ಬರೆಯುತ್ತಿದ್ದರು. ವರ್ಷಗಟ್ಟಲೆ ಹೀಗೆ ಮಾಡಿ ಆ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಂಟನೆಯ ಇಯತ್ತೆಗೆ ಹೊಸದಾಗಿ ಸೇರಿದಾಗ ನಾನು ಅದನ್ನು ನೋಡಿ, ಪಾಪ, ಬಾಗಿಲಿಗೆ ಸಿಕ್ಕು ಜಜ್ಜಿದೆ ಎಂದುಕೊಂಡು ರಾತ್ರಿಯೆಲ್ಲ ಚಿಂತೆ ಮಾಡಿ, ಮರುದಿನ ಮನೆಯಿಂದ ಅರಿಶಿನ ಕಟ್ಟಿಕೊಂಡು ಹೋಗಿದ್ದೆ. ಅಕ್ಕೋರು ಪೊಟ್ಟಣ ಬಿಚ್ಚಿ ನೋಡಿದರು. "ಇದನ್ನ ನಿನ್ನ ತಲೀಗೆ ಹಚ್ಚಿಕೋಬೇ," ಎಂದರು.

ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ನಮಗೆ ಗಣಿತ ಕಲಿಸುತ್ತಿದ್ದರು. ಅವರ ಬಗ್ಗೆ ಸಮಾಧಾನದಿಂದ ಬರೆಯಬೇಕೆಂದು ಹತ್ತು ಸಲ ಕೂತಿದ್ದೇನೆ. ಆಗುವುದಿಲ್ಲ. ಎರಡನೆಯ ಪುಟಕ್ಕೆ ಸಿಟ್ಟು ಏರುತ್ತದೆ, ಮೂರನೆಯ ಪುಟಕ್ಕೆ ರಕ್ತದೊತ್ತಡದ ಗುಳಿಗೆ ನುಂಗಿದೆನೋ ಇಲ್ಲವೋ ಎಂಬ ಚಿಂತೆ ಹತ್ತುತ್ತದೆ. ಈ ಸಲ ಗುಳಿಗೆ ಮೊದಲೇ ನುಂಗಿ ಕೂತಿದ್ದೇನೆ.

ಅಕ್ಕೋರು ಬಾದಾಮಿ ಕಡೆಯವರು. ಬಿ.ಎಸ್ಸಿ. ಆಗಿತ್ತು. ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತಂತೆ. ಆದರೆ ತಮ್ಮ ಆಗ ಇನ್ನೂ ಕಾಲೇಜಿನಲ್ಲಿದ್ದ, ಅವನ ಓದು ಮುಗಿಯಲಿ ಎಂದು ಇವರು ನೌಕರಿ ಹಿಡಿದರು. ತಮ್ಮನ ಓದು ಮುಗಿಯಿತು, ನೌಕರಿಯಾಯಿತು, ಮದುವೆಯಾಯಿತು. ಅಕ್ಕೋರ ಸೀಟು ಇವರಿಗಾಗಿ ಕಾಯುತ್ತ ಕೂರಲಿಲ್ಲ. ಅವರ ಮದುವೆಯ ಮಾತು ತೆಗೆದವರಿಗೆ "ಲೆಕ್ಕ ಹತ್ತಲಿಲ್ರಿ" ಎಂದು ಒಂದೇ ಉತ್ತರ.

ಎಪ್ಪತ್ತರ ದಶಕದ ನಡುವೆ, ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಬಾಗಲಕೋಟೆಯಿಂದ ಒಬ್ಬ ತರುಣ ಪ್ರಾಧ್ಯಾಪಕರು ಶಾಲೆಗೆ ಬರತೊಡಗಿದರು. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ನದಿ ಹತ್ತಿರದ ಮರೋಳ ಹಳ್ಳಿಯ ಸುತ್ತ ನೆಲದೊಳಗಿನ ನೀರಿನ ಬಗ್ಗೆ ಅವರ ಪಿಎಚ್.ಡಿ. ನದಿಯ ನೀರು ಎಷ್ಟು ಎತ್ತರದಲ್ಲಿದೆ, ಅಂಚಿನ ಬಾವಿಗಳ ನೀರು ಎಷ್ಟು ಎತ್ತರದಲ್ಲಿದೆ ಎಂದು ಅಳೆದುಕೊಂಡಿದ್ದರು. ನಡುವಿನ ನೆಲದಲ್ಲಿ ಎಲ್ಲೆಲ್ಲಿ ಎಷ್ಟಿದೆ ಎಂಬುದನ್ನು ಲೆಕ್ಕ ಹಾಕಿ ತೆಗೆಯಬೇಕಿತ್ತು. ದೊಡ್ಡ ಊರಿನ ಗಣಕಯಂತ್ರದಲ್ಲಿ ಪಾಳಿ ಬರಲು ತಿಂಗಳುಗಟ್ಟಲೆ ಕಾಯಬೇಕು. ಕೈಯಲ್ಲೇ ಮಾಡೋಣವೆಂದರೆ ಸಾಹೇಬರಿಗೆ ಭಾಗಾಕಾರ ಬೇಸರ. ಯಾರೋ ಅಕ್ಕೋರ ಹೆಸರು ಹೇಳಿದರು.

ಲೆಕ್ಕದ ತಿರುಳು ಇಷ್ಟೇ. ನೆಲವನ್ನು ಚೌಕಗಳಾಗಿ ಸೀಳಬೇಕು. ಒಂದು ಚೌಕದ ನೀರಿನ ಮಟ್ಟವೆಂದರೆ ಅದರ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ಚೌಕಗಳ ಸರಾಸರಿ. ಮೊದಲು ಎಲ್ಲ ಚೌಕಗಳಿಗೂ ಅಂದಾಜಿನ ಅಂಕಿ ಕೊಟ್ಟು, ಮತ್ತೆ ಮತ್ತೆ ಸರಾಸರಿ ತೆಗೆಯುತ್ತ ಹೋದರೆ, ಒಂದು ಹೊತ್ತಿಗೆ ಯಾವ ಅಂಕಿಯೂ ಅಲುಗಾಡದೆ ನಿಲ್ಲುತ್ತದೆ. ನಿಂತದ್ದೇ ಉತ್ತರ. ಅಕ್ಕೋರು ಮೂರು ವಾರ ಒಬ್ಬರೇ ಕೂತು ಮಾಡಿದರು. ನಾಲ್ಕನೆಯ ವಾರ ಅವರ ಕಣ್ಣು ಶಾಲೆಯ ಪಡಸಾಲೆಯ ಮೇಲೆ ಬಿತ್ತು. ಪಡಸಾಲೆಗೆ ಹಾಸಿದ್ದು ಚೌಕ ಫರಸಿ ಕಲ್ಲು.

ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ಎರಡು ತಾಸು ನಲವತ್ತೆರಡು ಹುಡುಗಿಯರನ್ನು ಅಕ್ಕೋರು ಪಡಸಾಲೆಗೆ ಕರೆದು, ಒಬ್ಬೊಬ್ಬರನ್ನು ಒಂದೊಂದು ಫರಸಿಯ ಮೇಲೆ ಕೂಡಿಸಿದರು. ಏಳು ಸಾಲು, ಸಾಲಿಗೆ ಆರು. ಹೈಸ್ಕೂಲಿಗೆ ಬಂದವರು ಸಣ್ಣ ಮಕ್ಕಳ ಹಾಗೆ ಬಳಪ, ಪಾಟಿ ಹಿಡಿಯುವುದು ನಮಗೆ ನಾಚಿಕೆ. ಆದರೂ ಎಲ್ಲರೂ ನಮ್ಮ ನಮ್ಮ ತಂಗಿಯರ ಪಾಟಿ ತಂದೆವು. ಅಂಚಿನಲ್ಲಿ ಕೂತವರದು ನದಿಯ, ಬಾವಿಯ ಅಂಕಿ, ಅದು ಬದಲಾಗುವುದಿಲ್ಲ. ಒಳಗೆ ಕೂತವರು, ಅಕ್ಕೋರು ಗಂಟೆ ಬಾರಿಸಿದಾಗಲೊಮ್ಮೆ, ನಾಲ್ಕು ಮಂದಿಯನ್ನು ಕೇಳಿ, ಕೂಡಿಸಿ, ನಾಲ್ಕರಿಂದ ಭಾಗಿಸಿ ಬರೆಯಬೇಕು.

"ನಿಂದೆಷ್ಟಬೇ?"

"ನಲವತ್ತೆರಡು ಪಾಯಿಂಟ್ ಆರು."

"ನಿಂದು?"

"ತಡಿ, ಮೂಗು ಒರಸ್ಕೋತೀನಿ."

"ಮೂಗು ಆಮ್ಯಾಲೆ ಒರಸ್ಕೋ, ಅಂಕಿ ಹೇಳು, ಗಂಟಿ ಆಗತೈತಿ!"

ಶಾಲೆಯ ದಿನಚರಿಯಲ್ಲಿ ಇದಕ್ಕೆ 'ಬಾಯಿಲೆಕ್ಕ' ಎಂದು ನಮೂದು. ವಾರಕ್ಕೆ ಒಂದು ತುಂಡು ನೆಲ ಮುಗಿಯುತ್ತಿತ್ತು. ನಂತರ ಹೊಸ ಹುಡುಗಿಯರು ಬಂದರು, ಹಳಬರು ಹೋದರು, ಮೂರು ವರ್ಷ ಇದು ನಡೆಯಿತು. ಈಗಿನವರು ಇದಕ್ಕೆ ಇಡುವ ದೊಡ್ಡ ದೊಡ್ಡ ಹೆಸರುಗಳನ್ನು ನಾನು ಬಲ್ಲೆ. ಅದನ್ನೇ ಹೇಳಿ ಹೊಟ್ಟೆ ಹೊರೆದುಕೊಂಡಿದ್ದೇನೆ. ಅಕ್ಕೋರು ಮಾಡಿದ್ದು ಮಾತ್ರ ಬಾರಿಸುವ ಒಂದು ಗಂಟೆ, ಒಂದು ಪಡಸಾಲೆ ಇಟ್ಟುಕೊಂಡು.

ನನ್ನನ್ನು ಮೊದಲು ಮೂಲೆಯ ಫರಸಿಗೆ ಹಾಕಿದ್ದರು. ಬರೆದದ್ದನ್ನು ನಂಬಿಕೆಯಾಗದೆ ಒರೆಸಿ ಒರೆಸಿ ಬರೆಯುವ ನನ್ನ ಚಟ ಅವರಿಗೆ ಗೊತ್ತಿತ್ತು. ಈ ಲೆಕ್ಕದಲ್ಲಿ ಮೂಲೆಯವಳನ್ನು ಯಾರೂ ಏನೂ ಕೇಳುವುದಿಲ್ಲ. ಎರಡು ಶನಿವಾರ ಸುಮ್ಮನೆ ಕೂತು, ಮೂರನೆಯದಕ್ಕೆ ಅತ್ತೆ. ಅಕ್ಕೋರು ಕರಗಿ ನಟ್ಟನಡುವೆ ಕೂಡಿಸಿದರು. ಅನಾಹುತವಾದದ್ದು ಅಲ್ಲೇ.

ನನ್ನ ಹಿಂದಿನ ಫರಸಿಯಲ್ಲಿ ಕೂತಿದ್ದವಳು ನನ್ನ ಜೀವದ ಗೆಳತಿ. ಗುಳೇದಗುಡ್ಡದ ಅತ್ತೆಯ ಮನೆಯಿಂದ ನನಗೊಂದು ಕುಪ್ಪಸದ ಖಣದ ತುಂಡು ತರುತ್ತೇನೆಂದವಳು, ತಂದದ್ದನ್ನು ಬೇರೊಬ್ಬಳಿಗೆ ಕೊಟ್ಟಿದ್ದಳು. ನಾನು ಠೂ ಬಿಟ್ಟಿದ್ದೆ. ಮಾತು ಬಿಟ್ಟವಳ ಹತ್ತಿರ ಅಂಕಿ ಕೇಳುವುದು ಹೇಗೆ? ಮಾನ ಇದೆಯಲ್ಲ. ಮುಂದಿನವಳನ್ನು, ಎಡದವಳನ್ನು, ಬಲದವಳನ್ನು ಕೇಳಿದೆ. ಮೂರನ್ನು ಕೂಡಿಸಿ ಮೂರರಿಂದ ಭಾಗಿಸಿದೆ. ಎರಡು ತಾಸು ಹಾಗೆಯೇ ಮಾಡಿದೆ. ಹಿಂದಿನವಳ ಅಂಕಿ ಕಡಿಮೆಯದು. ಅದನ್ನು ಬಿಟ್ಟದ್ದಕ್ಕೆ ನನ್ನ ಅಂಕಿ ಏರಿತು, ನನ್ನದನ್ನು ಕೇಳಿದವರ ಅಂಕಿಯೂ ಏರಿತು. ನೆಲದೊಳಗೆ ನೀರು ಅಲ್ಲಿ ಗುಬ್ಬಟೆಯಾಗಿ ಎದ್ದು ನಿಂತಿತು.

ಅಕ್ಕೋರು ಭಾನುವಾರ ಮನೆಯಲ್ಲಿ ಪ್ರತಿ ಅಂಕಿಯನ್ನೂ ತಾಳೆ ನೋಡುತ್ತಿದ್ದರು. ಆ ಸಲ ಸಾಹೇಬರು ಅವಸರ ಮಾಡಿ ಶನಿವಾರವೇ ಕೋಷ್ಟಕ ಒಯ್ದಿದ್ದರು. ಅಕ್ಕೋರು ತಮ್ಮಲ್ಲಿ ಉಳಿದ ನಕಲನ್ನು ತಾಳೆ ನೋಡಿ, ಸೋಮವಾರ ತರಗತಿಗೆ ಬಂದದ್ದೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಎಷ್ಟು ಮಂದೀನ್ನ ಕೇಳಿದಿ?"

"ಮೂರು ಮಂದೀನ್ನ ಕೇಳೀನ್ರಿ."

"ನಾಕನೇದಾಕಿ ಸತ್ತಿದ್ದಳೇನು?"

"ಇಲ್ರಿ. ಆಕೀ ಕೂಡ ಮಾತು ಬಿಟ್ಟೀನ್ರಿ."

ಇಡೀ ತರಗತಿ ನಕ್ಕಿತು. ಅಕ್ಕೋರು ನಗಲಿಲ್ಲ. "ನೀರು ಯಾವಾಗರ ಬಾಜೂದ ನೀರಿನ ಕೂಡ ಮಾತು ಬಿಟ್ಟು ಕುಂತಿದ್ದು ನೋಡೀಯೇನಬೇ? ನೀ ಮಾತು ಬಿಡು, ಹಲ್ಲು ಕಡಿ, ಏನರ ಮಾಡು. ಫರಸಿ ಮ್ಯಾಲೆ ಕುಂತಾಗ ನೀ ನೀರು." ಎಂದರು. ಗೆಳತಿಯೊಂದಿಗೆ ನಾನು ಆವತ್ತೇ ಮಾತಾಡಿದೆ. ಆದರೆ ನೀರಿನ ಗುಬ್ಬಟೆ ಆಗಲೇ ಬಾಗಲಕೋಟೆ ತಲುಪಿತ್ತು. ಅಕ್ಕೋರು ತಿದ್ದಿದ ಕೋಷ್ಟಕವನ್ನೂ, ತಪ್ಪು ಹೇಗಾಯಿತೆಂಬ ಕಾಗದವನ್ನೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ.

ಮೂರು ವರ್ಷ ತುಂಬುವ ಹೊತ್ತಿಗೆ ಸಾಹೇಬರು ಪೇಢೆಯ ಪೆಟ್ಟಿಗೆ ಹಿಡಿದು ಬಂದರು. ಡಾಕ್ಟರೇಟ್ ಆಗಿತ್ತು. ಕಾಲೇಜು ಸೇರಿದ್ದ ನಾನು ಆವತ್ತು ಅಕ್ಕೋರನ್ನು ನೋಡಲು ಬಂದಿದ್ದೆ. ಚಿನ್ನದ ಅಕ್ಷರದ ರಟ್ಟಿನ ಪ್ರಬಂಧವನ್ನು ಅಕ್ಕೋರು ತೊಡೆಯ ಮೇಲಿಟ್ಟುಕೊಂಡು ತೆರೆದರು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದರು, ಮಾವನವರಿದ್ದರು, ಟೈಪು ಮಾಡಿದವನಿದ್ದ, ಮನೆದೇವರಿದ್ದರು. ಅಕ್ಕೋರು ಇರಲಿಲ್ಲ. ಅವರು ಹಾಳೆ ತಿರುವುತ್ತ ಹೋಗಿ ಒಂದು ಕಡೆ ಬೆರಳಿಟ್ಟರು. ನನ್ನ ಗುಬ್ಬಟೆ ಅಲ್ಲಿತ್ತು. ಬರೀ ಇದ್ದದ್ದಲ್ಲ, ಅದಕ್ಕೊಂದು ಇಡೀ ಅಧ್ಯಾಯವಿತ್ತು. ನೀರು ಅಲ್ಲಿ ಏರಿದ್ದು ನೆಲದೊಳಗೆ ಅಡ್ಡ ಮಲಗಿದ ಕಲ್ಲಿನ ದಿಂಡಿನಿಂದ ಎಂದು ಸಾಹೇಬರು ಕಂಡುಹಿಡಿದಿದ್ದರು.

"ಇದು ಹೆಂಗ ಉಳೀತ್ರಿ? ನಾ ಕಾಗದ ಬರದಿದ್ನೆಲ್ಲ," ಎಂದರು ಅಕ್ಕೋರು.

"ಅಷ್ಟೊತ್ತಿಗೆ ಆ ಭಾಗ ಬರದು ಮುಗಿದಿತ್ರಿ ಅಕ್ಕೋರ. ಮತ್ತ ನೋಡ್ರಿ, ಪರೀಕ್ಷಕರಿಗೆ ಭಾಳ ಸೇರಿದ್ದು ಅದ ಅಧ್ಯಾಯ. ಪೇಢೆ ತಗೋರಿ."

ಇಬ್ಬರು ಹುಡುಗಿಯರು ಖಣದ ತುಂಡಿಗೆ ಆಡಿದ ಜಗಳ ಬಾಗಲಕೋಟೆ ಜಿಲ್ಲೆಯಾಗುವ ಎಷ್ಟೋ ಮೊದಲೇ ಅದರ ಭೂಗರ್ಭದಲ್ಲಿ ಕಲ್ಲಾಗಿ ಕೂತಿತ್ತು. ನಗು ಬರುತ್ತದಲ್ಲ? ನನಗೂ ಬರುತ್ತಿತ್ತು, ಮುಂದಿನದು ನಡೆಯದೇ ಹೋಗಿದ್ದರೆ.

ಮುಂದಿನ ಭಾನುವಾರ ಅಕ್ಕೋರು ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಹುನಗುಂದದ ಮೇಲೆ ಹಾದು ಮರೋಳಕ್ಕೆ ಹೋದರು. ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಡೆದು, ಕೋಷ್ಟಕದ ಆ ಚೌಕ ಇದ್ದ ಜಾಗ ಹುಡುಕಿದೆವು. ಅಲ್ಲಿ ಬಾವಿ ತೋಡುವ ಮುದುಕನೊಬ್ಬ ಸಿಕ್ಕ. ಅಕ್ಕೋರೇ ಕೇಳಿದರು:

"ಯಜ್ಜಾ, ಇಲ್ಲಿ ಒಳಗ ಕಲ್ಲಿನ ದಿಂಡು ಐತಂತಲ್ಲ, ನಿಮಗ ಹತ್ತೇತೇನ್ರಿ?"

"ಯಾರಂದವರು?"

"ಪಿಎಚ್.ಡಿ. ಮಾಡಿದವರು ಅಂದಾರ."

"ಅವರು ಎಷ್ಟು ಬಾವಿ ತೋಡ್ಯಾರವಾ?" ಎಂದ ಮುದುಕ. "ನಾ ಈ ಪಟ್ಟಿಯೊಳಗ ಮೂರು ತೋಡೀನಿ. ಗರಸು ಮಣ್ಣು ಬಿಟ್ರ ನನ ಸಲಕಿಗೆ ಏನೂ ಹತ್ತಿಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ, ಹುನಗುಂದ ದಾಟಿದ ಮೇಲೆ ಅಕ್ಕೋರು ಆಡಿದ್ದು ಒಂದೇ ಮಾತು: "ನೀ ಎಂ.ಎಸ್ಸಿ. ಮಾಡು. ಯಾವ ಕಾರಣಕ್ಕೂ ಬಿಡಬ್ಯಾಡ. ತಲಿ ಎಲ್ಲಾರಿಗೂ ಇರತೈತಿ. ಕಾಗದ ಇದ್ದವರ ತಲಿ ಅಷ್ಟ ಕಾಣತೈತಿ."

ಮಾಡಿದೆ. ಧಾರವಾಡದಲ್ಲಿ ಎರಡು ವರ್ಷ, ದಿನಾ ನಪಾಸಾದ ಕನಸು ಕಾಣುತ್ತ ಮೊದಲ ದರ್ಜೆಯಲ್ಲಿ ಪಾಸಾದೆ. ಫಾರ್ಮಿಗೆ, ಪುಸ್ತಕಕ್ಕೆ, ಕೊನೆಯ ವರ್ಷದ ಪರೀಕ್ಷೆಯ ಹಿಂದಿನ ದಿನ ನಾನು ಓಡಿ ಬಂದಾಗ ಬೈದು ಮರಳಿ ಬಸ್ಸಿಗೆ ಹತ್ತಿಸುವುದಕ್ಕೆ, ಎಲ್ಲಕ್ಕೂ ಅಕ್ಕೋರೇ.

ಎಂಬತ್ತರ ದಶಕದ ನಡುವೆ ಬಾಗಲಕೋಟೆಯಲ್ಲಿ ಮೂರು ಖೋಲಿಯ ಬಾಡಿಗೆ ಕಟ್ಟಡದಲ್ಲಿ ಒಂದು ಸಂಶೋಧನಾ ಘಟಕ ತೆರೆಯಿತು. ನೀರು, ಮಣ್ಣುಗಳ ಲೆಕ್ಕವನ್ನು ಗಣಕಯಂತ್ರದಲ್ಲಿ ಮಾಡುವುದು ಅದರ ಕೆಲಸ. ಮುಖ್ಯಸ್ಥರು ನಮ್ಮ ಸಾಹೇಬರೇ, ಈಗ ಡಾಕ್ಟರ್ ಸಾಹೇಬರು. ನಾನು ಅಲ್ಲಿ ತಾತ್ಪೂರ್ತಿಕ ಸಂಶೋಧನಾ ಸಹಾಯಕಿ. ಆರು ತಿಂಗಳಿಗೊಮ್ಮೆ ನನ್ನ ನೇಮಕ ನವೀಕರಣವಾಗಬೇಕು, ಆರು ತಿಂಗಳೂ ನಾನು ಅದರದೇ ಚಿಂತೆ ಮಾಡಬೇಕು.

ಒಂದು ದಿನ ಗಣನ ಸಹಾಯಕರ ಹುದ್ದೆಗೆ ಜಾಹೀರಾತು ಬಂತು. ಎಂ.ಎಸ್ಸಿ. ಆಗಿರಬೇಕು, ಇಲ್ಲವೇ ಬಿ.ಎಸ್ಸಿ.ಯ ಜೊತೆ ಸಂಶೋಧನೆಗಾಗಿ ಲೆಕ್ಕ ಮಾಡಿದ ಮೂರು ವರ್ಷದ ಅನುಭವ, ಪ್ರಮಾಣಪತ್ರ ಸಹಿತ. ಅನುಭವವಿದ್ದವರಿಗೆ ವಯಸ್ಸಿನ ಅಡ್ಡಿಯಿಲ್ಲ. ಅಕ್ಕೋರ ಅಳತೆ ತೆಗೆದು ಹೊಲಿದಂತಿತ್ತು. ಆಗ ಅವರು ಐವತ್ತರ ಹೊಸ್ತಿಲಲ್ಲಿದ್ದರು.

ಮರುದಿನವೇ ಬಂದರು. ನನ್ನ ಮೇಜಿನ ಹತ್ತಿರ ನಿಂತು, "ಇಷ್ಟು ವರ್ಷ ಹುಡಿಗ್ಯಾರಿಗೆ ಚಕ್ರಬಡ್ಡಿ ಹೇಳಿಕೊಟ್ಟೀನಿ. ಉಳಿದ ಎಂಟು ವರ್ಷನರ ನನ್ನ ಕೆಲಸ ನಾ ಮಾಡ್ತೀನಿ," ಎಂದರು. ಅಷ್ಟು ಹಸಿವನ್ನು ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಒಳಗೆ ಹೋಗಿ ಸಾಹೇಬರಿಗೆ ಪ್ರಮಾಣಪತ್ರ ಕೇಳಿದರು. ಸಾಹೇಬರು ಚಹಾ ತರಿಸಿದರು, ಹಳೆಯ ದಿನಗಳನ್ನು ನೆನೆಸಿದರು, ಟೈಪು ಮಾಡಿಸಿ ಕೊಟ್ಟರು. ಹೊರಗೆ ಬಂದು ಅಕ್ಕೋರು ಅದನ್ನು ನನ್ನ ಮುಂದಿಟ್ಟರು: 'ಇವರ ಕೈಬರಹ ದುಂಡಗಿದೆ. ಕೋಷ್ಟಕಗಳ ನಕಲು ತೆಗೆಯುವಲ್ಲಿ ನೆರವಾಗಿದ್ದಾರೆ. ಇವರ ಭವಿಷ್ಯ ಉಜ್ವಲವಾಗಲಿ.'

ಲೆಕ್ಕ ಅಕ್ಕೋರದೆಂದು ಬರೆದರೆ ಲೆಕ್ಕ ತಪ್ಪಿದ್ದನ್ನು ತಿಳಿಸಿದ ಕಾಗದವೂ ಅಕ್ಕೋರದೇ ಆಗುತ್ತದೆ, ಕಲ್ಲಿನ ದಿಂಡು ಕುಸಿಯುತ್ತದೆ. ಸಾಹೇಬರಿಗೆ ಅಷ್ಟು ಲೆಕ್ಕ ಬರುತ್ತಿತ್ತು.

"ಆತು," ಎಂದರು ಅಕ್ಕೋರು. "ಅಂವ ಬರೀಲಿಲ್ಲಂದ್ರ ನೀ ಬರಕೊಡು. ಫರಸಿ ಮ್ಯಾಲೆ ಕುಂತಾಕಿ ನೀ. ನಿನ್ನ ಹೆಸರಿನ ಮುಂದ ಈಗ ಎಂ.ಎಸ್ಸಿ. ಅಂತ ಬಾಲ ಐತೆಲ್ಲ, ಅದಕ್ಕ ಒಂದೀಟು ಕೆಲಸ ಹಚ್ಚು."

"ಬರೀತೀನ್ರಿ ಅಕ್ಕೋರ. ಎರಡು ದಿನದಾಗ ಕೊಡ್ತೀನಿ."

ಕೊಡಲಿಲ್ಲ. ಕಾರಣಗಳನ್ನು ಬರೆಯಲು ನನಗೆ ನಾಚಿಕೆಯಾಗಬೇಕು, ಬರೆಯುತ್ತೇನೆ. ಸಾಹೇಬರು ನನ್ನ ನೇಮಕ ನವೀಕರಿಸದಿದ್ದರೆ? ಮನೆಯಲ್ಲಿ ನನಗೆ ವರ ನೋಡುತ್ತಿದ್ದರು, ನೌಕರಿಯುಳ್ಳ ಹುಡುಗಿ ಎಂದು ಹೇಳಿಕೊಂಡು. ಕಾಗದ ಸಾದಾ ಹಾಳೆಯಲ್ಲಿ ನಡೆಯುತ್ತದೋ ಛಾಪಾ ಕಾಗದವೇ ಆಗಬೇಕೋ? ಮೂರರಿಂದ ಭಾಗಿಸಿದ್ದು ಹೊರಬಿದ್ದು ನನ್ನ ಎಂ.ಎಸ್ಸಿ. ರದ್ದಾದರೆ? ಹೀಗೆ ಹದಿನೈದು ದಿನ ಚಿಂತೆ ಮಾಡಿದೆ. ಚಿಂತೆ ಮಾಡುವುದು ಕೆಲಸ ಮಾಡಿದಂತೆಯೇ ಎಂಬ ಭ್ರಮೆ ನಮ್ಮಂಥವರಿಗೆ ಇರುತ್ತದೆ. ಕೊನೆಯ ದಿನಾಂಕ ದಾಟಿತು.

ಅರ್ಜಿ ವಿಂಗಡಿಸಲು ಕೂತವರು ನಾವಿಬ್ಬರು: ನಾನು ಮತ್ತು ಹೆಡ್‌ಕ್ಲಾರ್ಕ್ ಚಾಚಾ. ಬಾಗಲಕೋಟೆಯ ಹಳೆಯ ಮನೆತನದ ಮನುಷ್ಯ, ಕಚೇರಿಯಲ್ಲಿ ಯಾರ ಬಗ್ಗೆಯೂ ಕೆಟ್ಟದ್ದು ಆಡದವರು. ಅಕ್ಕೋರ ಅರ್ಜಿಯನ್ನು ಅವರೇ ಎತ್ತಿ ಹಿಡಿದರು.

"ತಂಗೀ, ಇದು ನೋಡು. ಲೆಕ್ಕದ ಹಾಳಿ ಸುದ್ದಾ ಹಚ್ಯಾರ. ಪ್ರಮಾಣಪತ್ರ ಮಾತ್ರ ಇಲ್ಲ." ನನ್ನ ಮುಖ ನೋಡಿದರು. "ನನ್ನ ತಂಗಿ ಮಗಳೂ ಆ ಪಡಸಾಲಿಯೊಳಗ ಪಾಟಿ ಹಿಡಕೊಂಡು ಕುಂತಾಕಿನ. ನನಗ ಗೊತ್ತೈತಿ. ಖರೆ ನಾ ಮ್ಯಾಟ್ರಿಕ್. ನನ್ನ ಮಾತು ಯಾರು ಕೇಳತಾರ? ನಿನಗ ಏನರ ಗೊತ್ತಿದ್ರ ಹೇಳು, ಈಗೂ ಬರದು ಹಚ್ಚಬಹುದು."

"ರೂಲ್ ಪ್ರಕಾರ..." ಎಂದೆ ನಾನು.

"ಹಾಂ," ಎಂದರು ಚಾಚಾ. "ರೂಲ್ ಪ್ರಕಾರ." ಅರ್ಜಿಯನ್ನು ಅವರು ಯಾವ ಕಡೆಗೂ ಇಡಲಿಲ್ಲ. ನನ್ನ ಕೈಗೆ ಕೊಟ್ಟರು. ಅನರ್ಹರ ಕಟ್ಟಿನಲ್ಲಿ ಅದನ್ನು ಸೇರಿಸಿ ದಾರ ಬಿಗಿದವಳು ನಾನು.

ಹುದ್ದೆ ಸಾಹೇಬರ ನೆಂಟನೊಬ್ಬನಿಗೆ ಹೋಯಿತು. ಎಂ.ಎಸ್ಸಿ. ಇತ್ತು, ನಿಯಮದಲ್ಲಿ ಒಂದೂ ಹುಳುಕಿರಲಿಲ್ಲ. ಅವನು ದಿನಾ ನನ್ನ ಹತ್ತಿರ ಬಂದು ದಶಾಂಶದ ಚುಕ್ಕೆ ಎಲ್ಲಿಡಬೇಕೆಂದು ಕೇಳುತ್ತಿದ್ದ. ಆ ವರ್ಷವೇ ಯಂತ್ರ ಬಂತು. ಮರೋಳದ ಅದೇ ಲೆಕ್ಕವನ್ನು ನಾನು ಅದರಲ್ಲಿ ಮೂರು ಸಲ ಮಾಡಿದೆ. ಮೂರು ಸಲವೂ ಕಲ್ಲಿನ ದಿಂಡು ಬರಲಿಲ್ಲ. ಅಕ್ಕೋರು ತಿದ್ದಿ ಕಳಿಸಿದ ಅಂಕಿಗಳೇ ಬಂದವು. ಸಾಹೇಬರು ನೋಡಿ, "ಯಂತ್ರಕ್ಕ ದಿಂಡು ಐತಿ ಅಂತ ಮೊದಲ ಹೇಳ್ರಿ, ಆಮ್ಯಾಲೆ ಲೆಕ್ಕ ಮಾಡಸ್ರಿ," ಎಂದರು. ಹೇಳಿದೆ. ಅದನ್ನೂ ಮಾಡಿದೆ.

ಅಕ್ಕೋರು ನನಗೆ ಕಾಗದ ಬರೆಯಲಿಲ್ಲ, ಬೈಯಲೂ ಬರಲಿಲ್ಲ. ಅರಿಶಿನದ ಪೊಟ್ಟಣಕ್ಕೂ ಬೈದವರು ಇದಕ್ಕೆ ಬೈಯಲಿಲ್ಲವಲ್ಲ ಎಂಬುದು ಮೂರು ವರ್ಷ ನನ್ನನ್ನು ತಿಂದಿತು. ಅವರಿಗೆ ಮೂತ್ರಪಿಂಡದ ಬೇನೆ, ಶಾಲೆ ಬಿಟ್ಟು ಹುನಗುಂದದಲ್ಲಿ ತಮ್ಮನ ಮನೆಯಲ್ಲಿದ್ದಾರೆ ಎಂದು ತಿಳಿದಾಗ, ಕೊನೆಗೂ ಬರೆದ ಪ್ರಮಾಣಪತ್ರ ಹಿಡಿದು ಹೋದೆ. ಮುಖ ಬಾತಿತ್ತು. ಗೋಡೆಗೆ ಒರಗಿ ಕೂತು ಕನ್ನಡಕ ಹಾಕಿಕೊಂಡು ಓದಿದರು.

"ಈಗ ತಂದೀ?"

ನಾನು ಅಳತೊಡಗಿದೆ.

"ಅಳಬ್ಯಾಡ, ಹಾಳಿ ತೊಯ್ತೈತಿ. ಪೆನ್ನು ಕೊಡು." 'ಲೆಕ್ಕದಲ್ಲಿ ಸಹಾಯ ಮಾಡಿದರು' ಎಂದು ನಾನು ಬರೆದಿದ್ದೆ. 'ಸಹಾಯ' ಎಂಬುದನ್ನು ಹಾಳೆ ಹರಿಯುವಂತೆ ಗೀಚಿ ಹೊಡೆದರು. "ಸಹಾಯ ಅಲ್ಲ. ಲೆಕ್ಕ ಮಾಡೀನಿ. ಇಲ್ಲಿ ನಲವತ್ತೆರಡು ಹುಡಿಗ್ಯಾರು ಎಲ್ಲಿ ಹೋದ್ರು? ಅವರ್‍ನೂ ಬರಿ. ತಪ್ಪಿದ್ದು ಬರಿ. ಯಾರು ಯಾಕ ಮೂರರಿಂದ ಭಾಗಿಸಿದ್ರು ಅನ್ನೂದನ್ನ ಮೊದಲ ಬರಿ."

ಮೂರು ಸಲ ಬರೆಸಿದರು. ಸಂಜೆಯಾಯಿತು. ತಮ್ಮನ ಹೆಂಡತಿ ಎರಡು ಸಲ ಬಂದು ಮಲಗಿರೆಂದು ಹೇಳಿ ಹೋದಳು. ಕೊನೆಗೆ ನಾನು ಸಹಿ ಮಾಡಿ, ಕೆಳಗೆ ಎಂ.ಎಸ್ಸಿ. ಎಂದು ಹಾಕಹೋದಾಗ ನನ್ನ ಕೈ ಹಿಡಿದರು.

"ಅದು ಬ್ಯಾಡ. ನೀ ನೋಡಿದಾಗ ಒಂಬತ್ತನೇತ್ತಿ ಇದ್ದಿ. ಒಂಬತ್ತನೇತ್ತಿ ಅಂತ ಹಾಕು."

ಹಾಕಿದೆ. "ಯಾರಿಗೆ ಕೊಡಬೇಕ್ರಿ ಇದನ್ನ?" ಎಂದು ಕೇಳಿದೆ.

"ನನಗಂತೂ ಬ್ಯಾಡ," ಎಂದು ಕನ್ನಡಕ ತೆಗೆದಿಟ್ಟರು.

ಹದಿನಾಲ್ಕು ದಿನಕ್ಕೆ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬಂದ ಮರುದಿನ ನಾನು ಆ ಕಾಗದವನ್ನು ಆವಕ ವಿಭಾಗದಲ್ಲಿ ಚಾಚಾ ಮುಂದಿಟ್ಟೆ. ಅವರು ಕೂತಲ್ಲೇ ಪೂರ್ತಿ ಓದಿದರು. ಶಿಕ್ಕಾ ಒತ್ತಿದರು. ಯಾವ ಫೈಲಿಗೆ ಹಾಕುವುದೆಂದು ಹುಡುಕಿದರೆ ಅಕ್ಕೋರ ಅರ್ಜಿಯೇ ಇರಲಿಲ್ಲ. ಅನರ್ಹರ ಕಟ್ಟನ್ನು ವರ್ಷದ ಕೆಳಗೆ ರದ್ದಿಗೆ ಹಾಕಿದ್ದರು, ರೂಲ್ ಪ್ರಕಾರ. ಚಾಚಾ ಒಂದು ಹೊಸ ಫೈಲು ತೆಗೆದು, ರಟ್ಟಿನ ಮೇಲೆ ಅಕ್ಕೋರ ಪೂರ್ತಿ ಹೆಸರು ಬರೆದು, ಆ ಒಂದೇ ಹಾಳೆ ಸೇರಿಸಿ ಸಾಹೇಬರ ಮೇಜಿಗೆ ಕಳಿಸಿದರು.

ಆಗ ನಾನು ರಾಜೀನಾಮೆ ಕೊಟ್ಟೆ ಎಂದು ಬರೆಯಲು ಎಷ್ಟು ಚೆನ್ನಾಗಿರುತ್ತಿತ್ತು! ಕೊಡಲಿಲ್ಲ. ಸಾಹೇಬರು ನನ್ನನ್ನು ಕರೆಯಲೂ ಇಲ್ಲ. ಸಂಜೆ ಫೈಲು ಮರಳಿ ಬಂತು. ಕಲ್ಲಿನ ದಿಂಡಿನ ಬಗ್ಗೆ ಅಕ್ಷರವಿಲ್ಲ, ನಲವತ್ತೆರಡು ಹುಡುಗಿಯರ ಬಗ್ಗೆ ಅಕ್ಷರವಿಲ್ಲ. ನನ್ನ ಸಹಿಯ ಪಕ್ಕದಲ್ಲಿ, ಹಸಿ ಹಸಿ ಹಸಿರು ಮಸಿಯಲ್ಲಿ, ಒಂದು ಸಾಲು: 'ಸಹಿ ಮಾಡಿದವರ ಅರ್ಹತೆ ಸಾಲದು.'

ಸಾಹೇಬರು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ತಿದ್ದಲಿಕ್ಕೆ ಏನೂ ಇಲ್ಲದ್ದು ಅದೊಂದೇ ವಾಕ್ಯ.